ಹಿಡಿಕಿ ಲೋಟ

ಎಂಬತ್ಮೂರರಾಗ ಸೋಲಾಪುರದ ಹೋಟೆಲ್ಲಿನಾಂವ ಒಬ್ಬ
ಇನ್ನೂರು ತಾಮ್ರದ ಲೋಟ ಹೇಳಿ ಹೋದ,
ಹಿಡಿಕಿ ಇರೂವಂಥಾವು.
ಹೋದಾಂವ ಹೋದ.
ಅಪ್ಪ ಬಡಿದ, ಬೆಸೆದ, ಹುಣಸಿಹಣ್ಣು ಹಚ್ಚಿ ತಿಕ್ಕಿದ,
ಹುಲ್ಲಿನಾಗ ಸುತ್ತಿ ಅಟ್ಟಕ್ಕ ಏರಿಸಿದ.
ಬರ್ತಾನ, ಅಂದ. ಮಾತು ಕೊಟ್ಟಾನ, ಅಂದ.
ಆಮ್ಯಾಲ ಏನೂ ಅನ್ನಲಿಲ್ಲ.

ಮಂದಿ ಮದುವಿಗೆ ಉಡುಗೊರಿ ಕೊಟ್ಟು ಕೊಟ್ಟು
ಈಗ ನಲವತ್ತಾರು ಉಳಿದಾವ.
ಮಾರಿದ್ದು ಒಂದೂ ಇಲ್ಲ.

ಸಮುದ್ರದ ಆಚಿ ಕಡೆ, ಇದಕ್ಕ ನಲವತ್ತು ವರ್ಷ ಮೊದಲ,
ಹಿಂಗ ಮೂರು ಮಂದಿಗೆ ಆಗಿತ್ತಂತ.
ಒಬ್ಬಾಂವ ವೋಡ್ಕಾದ ಹಕ್ಕು ಕೊಂಡು ಕುಂತಿದ್ದ:
ಬಣ್ಣಿಲ್ಲ, ವಾಸನಿಲ್ಲ, ಇದನ್ಯಾರು ಕುಡೀತಾರ
ಅಂತ ನಕ್ಕರು ಅಮೆರಿಕಾದ ವಿಸ್ಕಿ ಮಂದಿ.
ಇನ್ನೊಬ್ಬನ ಹೋಟೆಲ್ಲಿನ ನೆಲಮಾಳಿಗ್ಯಾಗ
ಶುಂಠಿ ಬಿಯರಿನ ಪೆಟ್ಟಿಗಿ ಧೂಳು ತಿಂತಿದ್ವು.
ಮೂರನೇದಾಕಿ ರಷ್ಯಾದಾಕಿ,
ಅಪ್ಪನ ಕಾರಖಾನಿದ್ದು ಎರಡು ಸಾವಿರ ತಾಮ್ರದ ಲೋಟ ಹೊತ್ತು
ಬಾಗಿಲಾ ಬಾಗಿಲಾ ತಿರುಗಿದಾಕಿ.
ಮಾರಾಟಾಗದ ಮೂರು ಸರಕು
ಲಾಸ್ ಏಂಜಲೀಸಿನ ಒಂದು ಮೇಜಿನ ಮ್ಯಾಲ ಭೇಟಿ ಆದ್ವು.
ಹೆಸರಿಟ್ಟರು, ಮಾಸ್ಕೋ ಮ್ಯೂಲ್.
ಮಾಸ್ಕೋ ಕಂಡದ್ದಲ್ಲ ಅದು. ಒದಿತೈತಿ ಅಂತ ಹೇಸರಗತ್ತಿ.
ಖರೇನೋ ಸುಳ್ಳೋ, ಒಬ್ಬೊಬ್ಬರು ಒಂದೊಂದು ಹೇಳ್ತಾರ.
ನಾ ನಂಬೂದು ಆ ಹೆಣ್ಣಮಗಳೊಬ್ಬಾಕೀನ.
ಅಪ್ಪ ಮಾಡಿದ್ದನ್ನ ತಲಿ ಮ್ಯಾಲ ಇಟಗೊಂಡು
ನಿದ್ದಿ ಬರೂದಿಲ್ಲ.

ತಾಮ್ರಕ್ಕ ಹುಳಿ ಕೂಡಿದರ ವಿಷ,
ಬೋಗಾರರ ಮನಿ ಕೂಸಿಗೂ ಗೊತ್ತು.
ಕಲಾಯಿ ಹಾಕಾಂವ ವಿಜಯಪುರದಾಗ
ನನಗ ಸಿಕ್ಕಾಂವ ದಸ್ತಗೀರಸಾಬ ಒಬ್ಬನ.
ನವಸಾಗರ ಉಗ್ಗಿದ, ಬಿಳಿ ಹೊಗಿ ಎದ್ದಿತು,
ತವರ ಕರಗಿ ಲೋಟದ ಹೊಟ್ಟಿ ತುಂಬ ಹರಿದಾಡಿತು.
"ಏನು ಹಾಕ್ತೀರಿ ಅಕ್ಕಾರ? ಹುಳಿ ಇದ್ರ ಎರಡು ಕೈ ಬೇಕು."
"ಇಂಡಿ ನಿಂಬಿಹಣ್ಣು," ಅಂದೆ.
"ಎರಡು ಕೈ," ಅಂದ.
ಮುಂದ ಕೇಳಲಿಲ್ಲ.

ಕೈ ನಡುಗಿದ್ದು ವೋಡ್ಕಾಕ್ಕಲ್ಲ, ಹಸಿಶುಂಠಿಗೆ.
ನೆಲದ ಕೆಳಗ ಬೆಳದದ್ದು ಯಾವುದೂ
ನಮ್ಮ ಒಲಿ ಮ್ಯಾಲ ಏರಿದ್ದಿಲ್ಲ.
ಕೆಮ್ಮಿ ಕೆಮ್ಮಿ ಹೋದ ಅಪ್ಪ, ಒಂದು ಚೂರು ನಾಲಿಗಿಗೆ ಹಚ್ಚಲಿಲ್ಲ.
ತುರೀವಾಗ ಘಾಟು ಎದ್ದು
ಅವನ ಫೋಟೋದ ತನಕ ಹೋತು.
ನಾ ಆ ಕಡೆ ನೋಡಲಿಲ್ಲ.

ಶುಂಠಿ, ಸಕ್ಕರಿ, ನೀರು, ಬಾಯಿಗೆ ಅರಿವಿ ಕಟ್ಟಿದ ಭರಣಿ.
ಐದು ದಿನ ಬಿಡು ಅಂತ ಬರದಾರ,
ನಮ್ಮ ಮೇ ತಿಂಗಳು ಗೊತ್ತಿಲ್ಲದಾವ್ರು.
ಸೋಸಿ ಬಾಟ್ಲಿ ತುಂಬಿದ ರಾತ್ರೀನ ಒಂದು ಸಿಡಿದು
ಬಾಜೂಮನಿ ಪಾಯಗೊಂಡ ಅವರು ಟಾರ್ಚ್ ಹಿಡಕೊಂಡು ಬಂದ್ರು.
"ಕುಕ್ಕರ್," ಅಂದೆ,
ರಾತ್ರಿ ಎರಡಕ್ಕ.

ವೋಡ್ಕಾ ತಂದಾಕಿ ನೀಲಗಂಗಾ,
ಚಿತ್ರಕಲಾ ಟೀಚರು, ರಿಟೈರಾಗಿ ಎರಡು ತಿಂಗಳು.
ಅಂಗಡಿ ಹುಡುಗ ಅಕೀ ಕಡೆನ ಕಲಿತಾಂವ.
ಎದ್ದು ನಿಂತು ನಮಸ್ಕಾರ ಮಾಡಿ
ಪೇಪರಿನಾಗ ಸುತ್ತಿ ಕೊಟ್ಟ,
ರೊಕ್ಕ ಎಣಸೂದ ಮರ್ತ.

ಲೋಟ ತುಂಬ ಬರ್ಫ.
ಅರ್ಧ ನಿಂಬಿ ಹಿಂಡಿ ಸಿಪ್ಪೀನೂ ಒಳಗ ಬಿಡು.
ವೋಡ್ಕಾ, ಸಂಜಿ ದೀಪಕ್ಕ ಎಣ್ಣಿ ಹಾಕ್ತಾರಲ್ಲ, ಅದರ ಮ್ಯಾಲ ಇಷ್ಟ.
ಶುಂಠಿ ನೀರು ಮೆಲ್ಲಕ, ನೊರಿ ಕಂಠಕ್ಕ ಬರೂತನಕ.
ತಿರುವ್ಯಾಡಬ್ಯಾಡ, ಅದ ಕೂಡಿಕೊಳ್ತೈತಿ.
ತಾಮ್ರ ಬೆವರಿತು.
ಹಿಡಿಕಿಯೊಳಗ ಬೆರಳು ಹಾಕಿದರ
ಸರಿಯಾಗಿ ನಾಕು ಬೆರಳು. ಅಪ್ಪಂದು ಅಳತಿ.

ಆರೂವರಿ. ಹೊತ್ತು ನೀರಿನ ಟಾಕಿ ಮ್ಯಾಲ ಕುಂತಿತ್ತು.
"ಲಗೂ ಕುಡಿ," ಅಂದೆ.
"ಯಾಕವಾ?"
"ಹೊತ್ತು ಮುಳುಗಿದ ಮ್ಯಾಲ ನಮ್ಮಲ್ಲಿ ಏನೂ ಮುಟ್ಟೂದಿಲ್ಲ."
ನೀಲಗಂಗಾ ನಕ್ಕ ನಗಿಗೆ
ಶುಂಠಿ ಮೂಗಿಗೇರಿ ಕಣ್ಣಾಗ ನೀರು.
ನಾ ನಗಲಿಲ್ಲ. ಒಂದಾದ್ರೂ ಉಳಿಸಿಕೊಳ್ಳೂಣ ಅಂತ
ಗಟಗಟ ಏರಿಸಿದೆ. ಒದೀತು, ಖರೆ.

ಖಾಲಿ ಲೋಟ ಬೋರಲು ಹಾಕಿದ್ಳು ಅಕಿ.
ತಳದಾಗ ಮೊಳಿಲೇ ಚುಚ್ಚಿದ ಚುಕ್ಕಿ ಚುಕ್ಕಿ ಅಂಕಿ,
ಅಪ್ಪನ ಕೈ: ಹದಿನೆಂಟು ರೂಪಾಯಿ.
ಪರ್ಸ್ ತಗದು ಇಪ್ಪತ್ತರ ನೋಟು
ಮೇಜಿನ ಮ್ಯಾಲ ಇಟ್ಟು, ಲೋಟ ಸೆರಗಿನಾಗ ಒರಸಿ
ಚೀಲಕ್ಕ ಹಾಕಿಕೊಂಡ್ಳು.

ನಾ ಎದ್ದು, ಹೊಯ್ದಾಡಿಕೊಂತ,
ಎರಡು ರೂಪಾಯಿ ಚಿಲ್ಲರ ಹುಡುಕಲಾಕ ಹತ್ತಿದೆ.